ಅಕ್ಕನ ಸಾಮಾನಿನ ತೂಕ

ಅಕ್ಕ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಎಜ್ರಾ ಗ್ರೇ ನಾರ್ಫಕ್ ಕರಾವಳಿಯ ಒಂದು ಹೊಲದಂಚಿನಲ್ಲಿ ವ್ಯಾನು ನಿಲ್ಲಿಸಿಕೊಂಡು, ಅದರ ಮೆಟ್ಟಿಲ ಮೇಲೆ ಕುಳಿತು ಚಹಾ ಆರಲೆಂದು ಕಾಯುತ್ತಿದ್ದ. ಫೋನು ಮಾಡಿದವಳು ಅಕ್ಕನ ಮಗಳು ಡಿಲೇಯಾ. "ಮಾವ..." ಎಂದಳು. ಅಷ್ಟೇ. ಮಿಕ್ಕದ್ದನ್ನು ಅವಳ ಅಳು ಹೇಳಿತು. ಎಜ್ರಾ ಬಟ್ಟಲಿನ ಚಹಾವನ್ನು ಹುಲ್ಲಿಗೆ ಚೆಲ್ಲಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಒಳಗಿದ್ದ ಹೆಂಡತಿ ಮಿಜೆಲಿ ಅವನ ಬೆನ್ನು ನೋಡಿಯೇ ತಿಳಿದುಕೊಂಡಳು. ಒಲೆ ಆರಿಸಿದಳು. ಪಾತ್ರೆಗಳನ್ನು ಒರೆಸಿ ಗೂಡಿಗೆ ಸೇರಿಸಿದಳು. ಹಾಡುತ್ತಿದ್ದ ರೇಡಿಯೋದ ಬಾಯಿ ಮುಚ್ಚಿಸಿದಳು.

"ಹೊರಡೋಣ," ಎಂದಳು. "ಅಳೋದನ್ನ ಅಲ್ಲಿಗೆ ಹೋಗಿ ಅಳೋಣ. ದಾರಿಯಲ್ಲೇ ಅತ್ತರೆ ಗಾಡಿ ಯಾರು ಓಡಿಸ್ತಾರೆ?"

ಆ ದಿನದಿಂದ ಅಕ್ಕನ ಹೆಸರನ್ನು ಮನೆಯವರು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಊರವರು ಜಿಪ್ಸಿಗಳೆಂದು ಕರೆಯುವ ರೋಮಾನಿ ಜನದಲ್ಲಿ ಸತ್ತವರ ಹೆಸರು ಹಿಡಿಯುವುದೆಂದರೆ ಅವರನ್ನು ನಡುದಾರಿಯಿಂದ ಹಿಂದಕ್ಕೆ ಕರೆದ ಹಾಗೆ. ಹಾಗಾಗಿ ಇಲ್ಲಿಯೂ ಅವಳು ಅಕ್ಕನೇ.

ಅಕ್ಕ ಕೊನೆಯ ವರ್ಷಗಳಲ್ಲಿ ಇದ್ದದ್ದು ವಿಸ್‌ಬೀಚ್ ಪಟ್ಟಣದ ಹೊರಗೆ, ಸರ್ಕಾರದವರು ಜಿಪ್ಸಿಗಳಿಗೆಂದು ಕಾಂಕ್ರೀಟು ಹಾಕಿ ಬಿಟ್ಟುಕೊಟ್ಟ ಬಿಡಾರದ ಜಾಗದಲ್ಲಿ. ಸುತ್ತ ಕಣ್ಣು ಹಾಯುವಷ್ಟು ದೂರ ಎಲೆಕೋಸಿನ ಹೊಲ, ನೇರವಾಗಿ ತೋಡಿದ ಕಾಲುವೆಗಳು, ಗಾಳಿ. ಅವಳ ಕ್ಯಾರವಾನು, ಗಾಡಿಯ ಹಿಂದೆ ಸಿಕ್ಕಿಸಿ ಎಳೆಯುವ ಗಾಲಿಮನೆ, ಸಾಲಿನ ತುದಿಯಲ್ಲಿತ್ತು. ಕಿಟಕಿಯ ಗಾಜು ಯಾವಾಗಲೂ ಹೊಳೆಯುತ್ತಿತ್ತು. ಬಾಗಿಲ ಬಳಿ ಕೈ ತೊಳೆಯುವ ಬೋಗುಣಿ, ಪಾತ್ರೆಯದು, ಬಟ್ಟೆಯದು ಬೇರೆ ಬೇರೆ ಕವುಚಿರುತ್ತಿದ್ದವು. ಒಂದರ ಕೆಲಸ ಇನ್ನೊಂದರಲ್ಲಿ ಮಾಡಿದವರಿಗೆ ಅವಳು ಒಂದು ವಾರ ಮುಖ ಕೊಡುತ್ತಿರಲಿಲ್ಲ.

ಹೆಣವನ್ನು ತಂದರು. ಹೊರಗೆ ಬೆಂಕಿ ಹಾಕಿಕೊಂಡು ನಂಟರು ಸುತ್ತ ಕುಳಿತರು. ಎಲ್ಲೆಲ್ಲಿಂದಲೋ ಜನ ಬಂದರು; ಕೆಂಟಿನ ಸೇಬಿನ ತೋಟದಿಂದ ಬಂದವರು, ಯಾರ್ಕ್‌ಷೈರಿನ ಕುದುರೆ ಸಂತೆಯಿಂದ ಅರ್ಧಕ್ಕೇ ಎದ್ದು ಬಂದವರು. ಮಣ್ಣಾಯಿತು. ಹೂವಿನಲ್ಲಿ ಕಟ್ಟಿದ ಕ್ಯಾರವಾನು, ಹೂವಿನ ಕೆಟಲು, ಹೂವಿನ ಕುರ್ಚಿ ಎಲ್ಲವನ್ನೂ ಗುಡ್ಡೆಯ ಮೇಲಿಟ್ಟು ಬಂದರು. ಎಜ್ರಾ ಅಷ್ಟೂ ಹೊತ್ತು ನಿಂತೇ ಇದ್ದ.

ಆದರೆ ಅವನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಅಕ್ಕ ಅವನ ತೋಳು ಹಿಡಿದುಕೊಂಡು ಹೇಳಿದ್ದಳು: "ನನ್ನ ಬಂಡೀನ ನೀನೇ ಎಳೀಬೇಕು ಕಣೋ. ಚಿಕ್ಕಪ್ಪನ ಮಗ ವೆಸ್ಟರ್ ಕೈಗೆ ಕೊಡಬೇಡ, ಅವನು ಹಾಡು ಹಾಕ್ಕೊಂಡು ಓಡಿಸ್ತಾನೆ. ನಂದು ಅನ್ನೋದೆಲ್ಲ ನನ್ನ ಜೊತೆ ಬರಲಿ. ಒಂದು ಚಮಚಾನೂ ಹಿಂದೆ ಉಳೀಬಾರದು."

ಗಂಡ ಸತ್ತ ಮೇಲೆ ಅವಳ ಕ್ಯಾರವಾನನ್ನು ಹೊಲದ ಕೂಲಿಗೆಂದು ಕಾಲದಿಂದ ಕಾಲಕ್ಕೆ, ಊರಿನಿಂದ ಊರಿಗೆ ಎಳೆದವನು ಎಜ್ರಾನೇ. ಈ ಒಂದು ಸಲ ಎಳೆಯುವುದು ಸುಡುವುದಕ್ಕೆ. ಸತ್ತವರ ಗಾಲಿಮನೆಯಲ್ಲಿ ಇನ್ನೊಬ್ಬರು ಬಾಳುವಂತಿಲ್ಲ, ಅವರ ಸಾಮಾನನ್ನು ಇನ್ನೊಬ್ಬರು ಬಳಸುವಂತಿಲ್ಲ. ಎಲ್ಲವೂ ಬೆಂಕಿಗೆ. ಏನಾದರೂ ಉಳಿದರೆ ಅದನ್ನು ಹುಡುಕಿಕೊಂಡು ಹೋದವರು ಮತ್ತೆ ಬರುತ್ತಾರೆ. ಅವರಿಗೂ ನೆಮ್ಮದಿಯಿಲ್ಲ, ಇದ್ದವರಿಗೂ ಇಲ್ಲ.

ಬಿಡಾರದ ಜಾಗದಲ್ಲಿ ಅಷ್ಟು ದೊಡ್ಡ ಬೆಂಕಿ ಹಾಕಲು ಬಿಡುವುದಿಲ್ಲವೆಂದು ಅದನ್ನು ನೋಡಿಕೊಳ್ಳುವವರು ಮೊದಲೇ ಹೇಳಿದ್ದರು. ಚಿಕ್ಕಪ್ಪನ ಮಗ ವೆಸ್ಟರ್‌ಗೆ ಅಲ್ಲಿಂದ ಗಂಟೆಯ ದಾರಿಯ ಬೋಸ್ಟನ್ ಎಂಬ ಸಣ್ಣ ಊರಿನ ಆಚೆ ಸ್ವಂತದ ಒಂದು ತುಂಡು ಹೊಲವಿತ್ತು. ಅಲ್ಲಿಗೆ ಒಯ್ಯುವುದೆಂದಾಯಿತು.

ಅಡಚಣೆಯಿದ್ದದ್ದು ಎಜ್ರಾನ ವ್ಯಾನಿನಲ್ಲಿ. ಎಪ್ಪತ್ತು ದಾಟಿ ಭುಜ ಸೋತ ಮೇಲೆ ಅವನು ತನ್ನ ದೊಡ್ಡ ಕ್ಯಾರವಾನನ್ನೂ ಅದನ್ನು ಎಳೆಯುವ ಲಾರಿಯನ್ನೂ ಕೊಟ್ಟು, ಒಳಗೇ ಹಾಸಿಗೆ ಒಲೆ ಇರುವ ಒಂದು ಕ್ಯಾಂಪರ್ ವ್ಯಾನು ತೆಗೆದುಕೊಂಡಿದ್ದ. ಮಿಜೆಲಿ ಅದಕ್ಕೆ ನೀಲಿ ಪರದೆ ಹೊಲಿದಿದ್ದಳು, ಗೂಡುಗಳಿಗೆ ಬಿಳಿ ಬಣ್ಣ ಬಳಿದಿದ್ದಳು. ಮದುವೆಯಾದಾಗಿನಿಂದ ಅವಳು ಬಯಸಿದ್ದು ಅಂಥ ಪುಟ್ಟ ಮನೆ, ಸಿಕ್ಕಿದ್ದು ಈಗ. ಆ ವ್ಯಾನಿನ ಹಿಂದೆ ಎಳೆಯುವ ಕೊಕ್ಕೆಯೇ ಇರಲಿಲ್ಲ.

"ಅಣ್ಣ, ನನ್ನ ಲಾರಿಗೆ ಸಿಕ್ಕಿಸಿಬಿಡೋಣ," ಎಂದ ವೆಸ್ಟರ್. ಅವನು ಗುಜರಿ ವ್ಯಾಪಾರಿ, ದಪ್ಪಗಿನ ಆಳು, ಸಾವಿನ ಮನೆಯಲ್ಲೂ ಬಾಯಿ ಸುಮ್ಮನಿರದು. "ಒಂದು ಗಂಟೇಲಿ ಮುಗೀತು. ನೀನು ಪಕ್ಕದಲ್ಲಿ ಕೂತ್ಕೊಂಡು ನಾನೇ ಎಳೆದೆ ಅಂತ ಹೇಳ್ಕೊ."

"ಅವಳು ಹೇಳಿದ್ದು ನನಗೆ."

"ನಿನ್ನ ವ್ಯಾನು ಐಸ್‌ಕ್ರೀಂ ಮಾರೋರ ಗಾಡಿ ಇದ್ದ ಹಾಗಿದೆ. ಅದು ಏನು ಎಳೆಯುತ್ತೆ?"

"ಎಷ್ಟು ಭಾರ ಎಳೆಯುತ್ತೆ ಅಂತ ಕಂಪನಿಯವರು ಅದರ ತಗಡಿನ ಮೇಲೇ ಬರೆದಿದ್ದಾರೆ. ನಿನಗೆ ಓದೋಕೆ ಬರೋದಾದರೆ ಓದು."

"ಬರದೇ ಇರೋದಕ್ಕೇ ನಿನ್ನ ಕೇಳ್ತಿರೋದು ಕಣಣ್ಣ," ಎಂದು ವೆಸ್ಟರ್ ನಕ್ಕ. ಎಜ್ರಾನಿಗೂ ಆ ದಿನಗಳಲ್ಲಿ ಮೊದಲ ಸಲ ತುಟಿ ಸ್ವಲ್ಪ ಸಡಿಲವಾಯಿತು.

ಎಜ್ರಾ ಪೊಲೀಸರಿಗೆ ಹೆದರುವ ಆಳಲ್ಲ. ಬಾಳಿನುದ್ದಕ್ಕೂ ಅವರು ಅವನನ್ನು ನಿಲ್ಲಿಸುತ್ತಲೇ ಬಂದಿದ್ದರು. ಈ ಸಲದ ಅಂಜಿಕೆ ಬೇರೆ. ತೂಕ ಹೆಚ್ಚಿದೆ, ದೀಪ ಉರಿಯುತ್ತಿಲ್ಲ, ಟೈರು ಸರಿಯಿಲ್ಲ ಎಂದು ಎಲ್ಲಾದರೂ ಹಿಡಿದರೆ ಬಂಡಿಯನ್ನು ಮುಂದೆ ಬಿಡುವುದಿಲ್ಲ. ಹೊರಗಿನವರ ಕೈ ಬಾಗಿಲು ತೆಗೆಯುತ್ತದೆ. ಅಕ್ಕನ ಹಾಸಿಗೆ, ಒಳಬಟ್ಟೆ, ಬೋಗುಣಿಗಳು ದಾರಿಯ ಪಕ್ಕದ ಹುಲ್ಲಿನ ಮೇಲೆ ಸಾಲಾಗಿ ಬೀಳುತ್ತವೆ. ಬಂಡಿ ಯಾವುದೋ ಸರ್ಕಾರಿ ಅಂಗಳದಲ್ಲಿ, ಬೀಗದೊಳಗೆ, ಸುಡದೆ ನಿಂತಿರುತ್ತದೆ. ಅದನ್ನು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ಎಲ್ಲವನ್ನೂ ಕ್ರಮವಾಗಿ ಮಾಡಿಸಿದ. ಆ ಮಾದರಿಯ ವ್ಯಾನಿಗೆಂದೇ ಒಪ್ಪಿಗೆ ಪಡೆದ ಕೊಕ್ಕೆಯನ್ನು ತರಿಸಿ ಹಾಕಿಸಿದ. ವೆಸ್ಟರ್ ತನ್ನ ಗುಜರಿಯಿಂದ ಎತ್ತಿ ತಂದ ಕೊಕ್ಕೆಯನ್ನು ಮುಟ್ಟಿಯೂ ನೋಡಲಿಲ್ಲ. ವ್ಯಾನಿನ ಬ್ರೇಕು ತುಳಿದಾಗ ಕ್ಯಾರವಾನಿನ ಹಿಂದೆಯೂ ಕೆಂಪು ಹತ್ತುವಂತೆ ತಂತಿ ಎಳೆಸಿದ. ಕ್ಯಾರವಾನು ವ್ಯಾನಿಗಿಂತ ಅಗಲವಾದ್ದರಿಂದ ಹಿಂದೆ ಬರುವವರು ಕಾಣುವಂತೆ ಕನ್ನಡಿಗಳಿಗೆ ಉದ್ದನೆಯ ಕೈ ಕಟ್ಟಿದ. ಹಿಂಬದಿಗೆ ತನ್ನ ವ್ಯಾನಿನ ನಂಬರನ್ನೇ ಬರೆಸಿದ ಫಲಕ ಹಾಕಿದ. ನಿಂತು ನಿಂತು ಜಾಮಾಗಿದ್ದ ಕ್ಯಾರವಾನಿನ ಬ್ರೇಕುಗಳನ್ನು ಬಿಚ್ಚಿ ಸರಿಮಾಡಿಸಿದ.

ಟೈರಿನ ಮೇಲೆ ಒಂದು ಜಗಳವೇ ಆಯಿತು. "ಹೊಸದರ ಹಾಗಿವೆ, ಒಂದು ಗೆರೆ ಸವೆದಿಲ್ಲ," ಎಂದ ವೆಸ್ಟರ್.

"ಓಡದೆ ನಿಂತದ್ದಕ್ಕೆ ಸವೆದಿಲ್ಲ. ಪಕ್ಕದಲ್ಲಿ ಬೆರಳಾಡಿಸು."

ವೆಸ್ಟರ್ ಬಗ್ಗಿ ಬೆರಳಾಡಿಸಿದ. ಬಿಸಿಲಿಗೆ ರಬ್ಬರು ಬಿರಿದು ಸಣ್ಣ ಸಣ್ಣ ಸೀಳು ಬಿಟ್ಟಿತ್ತು. "ಸುಡೋ ಬಂಡಿಗೆ ಹೊಸ ಟೈರು ಹಾಕೋ ಮನುಷ್ಯನ್ನ ನಾನು ನೋಡಿಲ್ಲಪ್ಪ," ಎಂದು ಗೊಣಗಿ, ಸುಡುವ ಮೊದಲು ಅವನ್ನು ಬಿಚ್ಚಿಕೊಳ್ಳುವುದಕ್ಕಾದರೂ ಬಿಡುತ್ತೀಯಾ ಎಂದು ಕೇಳಿದ.

"ಬಿಚ್ಚಲೇಬೇಕು, ರಬ್ಬರು ಸುಟ್ಟರೆ ಊರೆಲ್ಲ ಹೊಗೆ. ಆದರೆ ಅವನ್ನ ನಮ್ಮವರು ಯಾರೂ ಹಾಕ್ಕೊಳ್ಳೋ ಹಾಗಿಲ್ಲ. ನೀನೂ."

"ಗೊತ್ತು ಬಿಡಣ್ಣ. ಕೇಳಿ ನೋಡಿದೆ."

ಸಾಮಾನು ತುಂಬುವ ಕೆಲಸ ಹೆಂಗಸರದು. ಡಿಲೇಯಾ ಮತ್ತು ಅವಳ ಓರಗೆಯವರು ಚಿನ್ನದಂಚಿನ ಪಿಂಗಾಣಿಯನ್ನೆಲ್ಲ ಇನ್ನು ಯಾರೂ ಬಳಸದಂತೆ ಒಂದು ಕಂಬಳಿಯ ಮೇಲಿಟ್ಟು ಸುತ್ತಿಗೆಯಿಂದ ಒಡೆದರು. ಒಡೆದದ್ದನ್ನು ಪೆಟ್ಟಿಗೆಗೆ ತುಂಬಿ ಒಳಗಿಟ್ಟರು. ಗರಿಯ ಹಾಸಿಗೆ, ಕಂಬಳಿಗಳು, ಕಬ್ಬಿಣದ ಬಾಣಲೆಗಳು, ಬೆಂಕಿಯ ಮೇಲೆ ಕೆಟಲು ತೂಗುಹಾಕುವ ದಪ್ಪ ಕಬ್ಬಿಣದ ಕೋಲು, ಹೊಲಿಗೆ ಯಂತ್ರ, ಗಂಡನ ಕಾಲದ ಕುದುರೆ ಜೀನು, ಹಿತ್ತಾಳೆಯ ದೀಪಗಳು. ಕ್ಯಾರವಾನಿನ ಪಕ್ಕದಲ್ಲಿ ಸರ್ಕಾರದವರು ಕಟ್ಟಿಕೊಟ್ಟಿದ್ದ ಸ್ನಾನದ ಕೊಠಡಿಯಲ್ಲಿ ಇಟ್ಟಿದ್ದ ಪೆಟ್ಟಿಗೆಗಳೂ ಬಂದವು. ಅಕ್ಕ ಏನನ್ನೂ ಎಸೆದವಳಲ್ಲ.

ತುಂಬಿದ ಮೇಲೆ ಎಜ್ರಾ ಕ್ಯಾರವಾನನ್ನು ಕೊಕ್ಕೆಗೆ ಸಿಕ್ಕಿಸುವ ಮುಂದಿನ ಮೂತಿ ನೋಡಿದ. ಅದು ಸ್ವಲ್ಪ ಆಕಾಶ ನೋಡುತ್ತಿತ್ತು.

"ಡಿಲೇಯಾ, ನಿನ್ನ ತೂಕದ ಯಂತ್ರ ತಾ ಮಗಳೇ."

"ಸ್ನಾನದ ಮನೇದಾ? ಅದು ನನಗೆ ದಿನಾ ಸುಳ್ಳು ಹೇಳುತ್ತೆ ಮಾವ. ನಿನಗೆ ನಿಜ ಹೇಳುತ್ತಾ?"

"ನಿನ್ನ ಗಂಡನ ಅಡುಗೆ ತಿಂದೋರಿಗೆ ಅದು ಇನ್ನೇನು ಹೇಳಬೇಕು?" ಎಂದಳು ಮಿಜೆಲಿ. ಸುತ್ತ ನಿಂತ ಹೆಂಗಸರು ನಕ್ಕು, ಕೂಡಲೇ ನಕ್ಕದ್ದಕ್ಕೆ ನಾಚಿದರು.

ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂತಿಯನ್ನು ಇಳಿಸಿದ. ಮುಳ್ಳು ಹೆಚ್ಚುಕಡಿಮೆ ಅಲುಗಲೇ ಇಲ್ಲ. ಭಾರವೆಲ್ಲ ಹಿಂದಕ್ಕೆ ಕುಳಿತಿತ್ತು. ಹಾಗೇ ಎಳೆದರೆ ವೇಗ ಹಿಡಿದ ಕೂಡಲೆ ಬಂಡಿಯ ಬಾಲ ಹಾವಿನಂತೆ ಹೊರಳಿ ವ್ಯಾನನ್ನೂ ಕಾಲುವೆಗೆ ಎಳೆದುಕೊಂಡು ಹೋಗುತ್ತದೆ.

"ಕಬ್ಬಿಣವೆಲ್ಲ ಚಕ್ರದ ಮೇಲಕ್ಕೆ ಬರಬೇಕು, ಕೆಳಗೆ, ನೆಲಕ್ಕೆ," ಎಂದ.

ಡಿಲೇಯಾ ತಡೆದಳು. "ಇಟ್ಟದ್ದನ್ನ ತೆಗೀಬಾರದು ಮಾವ."

"ಹೊರಗೆ ತೆಗೆಯೋದಿಲ್ಲ. ಒಳಗೇ ಸರಿಸೋದು. ನಿಮ್ಮಮ್ಮ ಬದುಕಿದ್ದಾಗ ತಿಂಗಳಿಗೊಂದು ಸಲ ಸರಿಸ್ತಿರಲಿಲ್ವಾ?"

ಅವಳು ಒಪ್ಪಿದಳು. ಹೆಂಗಸರೇ ಒಳಹೊಕ್ಕು ಸರಿಸಿದರು. ಮೂತಿ ತಕ್ಕಷ್ಟು ಬಗ್ಗಿತು. ಎಜ್ರಾ ಕೊಂಡಿ ಸಿಕ್ಕಿಸಿದ. ಕೊಂಡಿ ಅಕಸ್ಮಾತ್ತಾಗಿ ಕಳಚಿದರೆ ಬಂಡಿಯ ಬ್ರೇಕನ್ನು ತಾನೇ ಎಳೆಯುವ ತೆಳು ಉಕ್ಕಿನ ತಂತಿಯನ್ನು ವ್ಯಾನಿನ ಬಳೆಗೆ ಹಾಕಿ, ಎಳೆದು ನೋಡಿದ, ಮತ್ತೆ ಎಳೆದು ನೋಡಿದ.

"ಅಣ್ಣ, ರಾಣೀನ ಕರ್ಕೊಂಡು ಹೋಗ್ತಿರೋ ಹಾಗೆ ಮಾಡ್ತೀಯಪ್ಪ," ಎಂದ ವೆಸ್ಟರ್.

"ಹಾಗೇ ಅಂದ್ಕೋ."

ಬಿಡಾರದ ಜನ ಎರಡೂ ಬದಿ ನಿಂತು ತಲೆ ಬಗ್ಗಿಸಿದರು. ಬಂಡಿ ಹೊರಟಿತು. ಸತ್ತವರ ಮನೆ ಒಮ್ಮೆ ಹೊರಟರೆ ಹಿಂದಕ್ಕೆ ತಿರುಗುವ ಹಾಗಿಲ್ಲ. ಮಿಜೆಲಿ ಎಜ್ರಾನ ಪಕ್ಕದಲ್ಲಿ, ವೆಸ್ಟರ್ ಮತ್ತು ಡಿಲೇಯಾ ಹಿಂದಿನ ಲಾರಿಯಲ್ಲಿ.

ತೂಕ ನೋಡಿಬಿಡೋಣ ಎಂದು ಎಜ್ರಾ ದಾರಿಯಲ್ಲೇ ಇದ್ದ ಆಲೂಗಡ್ಡೆ ವ್ಯಾಪಾರಿಯ ಅಂಗಳಕ್ಕೆ ತಿರುಗಿಸಿದ. ಅಲ್ಲಿ ಲಾರಿಗಳನ್ನು ನಿಲ್ಲಿಸಿ ತೂಗುವ ವೇಬ್ರಿಡ್ಜು ಇತ್ತು. ಖಾಲಿ ಬಂಡಿಯನ್ನು ಮೊದಲೇ ತೂಗಿಸಬೇಕಿತ್ತು, ಆಮೇಲೆ ಅಳತೆ ಮಾಡಿ ತುಂಬಬೇಕಿತ್ತು. ಬದುಕಿದ್ದವರ ಬಂಡಿಯಾಗಿದ್ದರೆ ಅವನು ಹಾಗೇ ಮಾಡುತ್ತಿದ್ದ. ಸತ್ತವಳ ಸಾಮಾನನ್ನು ಇಷ್ಟು ಸಾಕು, ಅಷ್ಟು ಬೇಡ ಎಂದು ಎಣಿಸುವುದು ಯಾರಿಗೂ ತೋಚಿರಲಿಲ್ಲ. ಎಲ್ಲವೂ ಹೋಗಬೇಕೆಂದ ಮೇಲೆ ತೂಗುವುದೇನು?

ಅಂಗಳದವನು ಗಾಜಿನ ಕೋಣೆಯಿಂದ ತಲೆ ಹೊರಹಾಕಿದ. "ತಾತ, ಕ್ಯಾರವಾನು ಹೆಚ್ಚಿದೆ. ತಗಡಿನ ಮೇಲೆ ಒಂದೂವರೆ ಟನ್ ಇದೆ ಅಲ್ವಾ? ಅದರ ಮೇಲೆ ಇನ್ನೂರು ಕಿಲೋ ಚಿಲ್ಲರೆ ಇದೆ."

ಎಜ್ರಾ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತೇ ಇದ್ದ. ದಣಿವು ಎಂದರೆ ಏನೆಂದು ಅವನಿಗೆ ಆಗ ತಿಳಿಯಿತು. ನಿದ್ದೆಗೆಟ್ಟದ್ದಲ್ಲ, ನಿಂತು ನಿಂತು ಬಂದದ್ದಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದೆನೆಂದು ಕೊನೆಯ ಮೆಟ್ಟಿಲು ಹತ್ತಿದವನಿಗೆ ಇನ್ನೊಂದು ಏಣಿ ತೋರಿಸಿದ ಹಾಗಿತ್ತು.

ವೆಸ್ಟರ್ ಇಳಿದು ಬಂದ. "ಒಂದಿಷ್ಟು ಕಬ್ಬಿಣ ನನ್ನ ಲಾರಿಗೆ ಹಾಕಿಬಿಡಣ್ಣ. ಇದರಲ್ಲಿ ಯೋಚನೆ ಮಾಡೋದೇನಿದೆ?"

"ನಿನ್ನ ಲಾರಿಯಲ್ಲಿ ನಿನ್ನ ಮಕ್ಕಳು ಕೂರ್ತಾರೆ. ಅದರಿಂದಲೇ ನಿನ್ನ ಅನ್ನ. ಸತ್ತವಳ ಸಾಮಾನು ಒಂದು ಸಲ ಅದಕ್ಕೆ ತಗುಲಿದರೆ ಮೈಲಿಗೆ ಹೋಗೋದಿಲ್ಲ. ನಾಳೆಯಿಂದ ನೀನು ಏನು ಓಡಿಸ್ತೀಯ?"

"ಒಂದು ಬಾಡಿಗೆ ಗಾಡಿ?"

"ಬೇರೆಯವರ ಗಾಡೀಲಿ ನಮ್ಮಮ್ಮನ ಬಾಣಲೆಯಾ?" ಡಿಲೇಯಾಳ ಧ್ವನಿ ಏರಿತು. "ಅವರ ಡ್ರೈವರು ಬಂದು ಕೈಯಲ್ಲಿ ಎತ್ತಿ ಎತ್ತಿ ಹಾಕೋದಾ? ಬೇಡ ಮಾವ. ಹೀಗೇ ಹೋಗೋಣ. ನಿಧಾನವಾಗಿ ಹೋದರೆ ಯಾರು ಕೇಳ್ತಾರೆ?"

"ಇಳಿಜಾರಲ್ಲಿ ಬ್ರೇಕು ಹಿಡಿಯದೆ ಹೋದರೆ ನಿಧಾನವೂ ಇಲ್ಲ, ಏನೂ ಇಲ್ಲ. ಎದುರಿಗೆ ಬರೋರಲ್ಲಿ ಮಕ್ಕಳಿರ್ತಾರೆ. ನಿಮ್ಮಮ್ಮನ ಹೆಸರಲ್ಲಿ ಇನ್ನೊಬ್ಬರ ಮನೇಲಿ ಸಾವು ಆಗಬೇಕಾ?"



ಅಂಗಳದವನು ಒಳ್ಳೆಯವನು. ಇವರು ಏನು ಮಾತಾಡುತ್ತಿದ್ದಾರೆಂದು ಪೂರ್ತಿ ತಿಳಿಯದಿದ್ದರೂ ಯಾರೋ ತೀರಿಕೊಂಡಿದ್ದಾರೆಂದು ಅವರ ಕಪ್ಪು ಬಟ್ಟೆ ನೋಡಿ ತಿಳಿದಿದ್ದ. "ಸ್ವಲ್ಪ ಸಾಮಾನು ನನ್ನ ಶೆಡ್ಡಿನಲ್ಲಿ ಇಡಿ ತಾತ. ಯಾವಾಗ ಬೇಕಾದರೂ ಬಂದು ಒಯ್ಯಿರಿ," ಎಂದ.

"ದೇವರು ನಿಮಗೆ ಒಳ್ಳೇದು ಮಾಡಲಿ," ಎಂದ ಎಜ್ರಾ. ಆದರೆ ಯಾವಾಗ ಬಂದರೂ ಯಾವುದರಲ್ಲಿ ಒಯ್ಯುವುದು? ಇವತ್ತಿನ ಪ್ರಶ್ನೆಯೇ ಅಂದೂ ಇಲ್ಲೇ ನಿಂತಿರುತ್ತದೆ.

ಅವನಿಗೆ ಉತ್ತರ ಗೊತ್ತಿತ್ತು. ವೇಬ್ರಿಡ್ಜಿನವನು ತಲೆ ಹೊರಹಾಕಿದ ಗಳಿಗೆಯಲ್ಲೇ ಗೊತ್ತಾಗಿತ್ತು. ವ್ಯಾನಿನೊಳಗೆ ತಮ್ಮ ಸಾಮಾನಿದೆ; ಹಾಸಿಗೆ, ನೀರಿನ ಟ್ಯಾಂಕು, ಪಾತ್ರೆ, ಚಳಿಗಾಲದ ಬಟ್ಟೆ. ಅದನ್ನೆಲ್ಲ ಖಾಲಿ ಮಾಡಿದರೆ ಅಕ್ಕನ ಇನ್ನೂರು ಕಿಲೋ ಅಲ್ಲಿ ಹಿಡಿಸುತ್ತದೆ. ಕಾನೂನೂ ಒಪ್ಪುತ್ತದೆ, ಬ್ರೇಕೂ ಒಪ್ಪುತ್ತದೆ. ಆದರೆ ಸತ್ತವಳ ಸಾಮಾನು ಹೊತ್ತ ವ್ಯಾನಿನಲ್ಲಿ ಆಮೇಲೆ ಮಿಜೆಲಿ ಒಲೆ ಹಚ್ಚುವ ಹಾಗಿಲ್ಲ, ಮಲಗುವ ಹಾಗಿಲ್ಲ. ವ್ಯಾನು ಹೋಯಿತೆಂದೇ ಲೆಕ್ಕ. ಈ ವಯಸ್ಸಿನಲ್ಲಿ ಇನ್ನೊಂದು ವ್ಯಾನು ಎಂಬ ಮಾತಿಲ್ಲ. ತನ್ನ ಅಕ್ಕನಿಗಾಗಿ ತಾನು ಏನು ಬೇಕಾದರೂ ಬಿಡಬಹುದು; ಹೆಂಡತಿಯ ಮನೆಯನ್ನು ಬಿಡು ಎಂದು ಯಾವ ಬಾಯಿಂದ ಕೇಳುವುದು? ಅದೂ ಆ ಅಕ್ಕನಿಗಾಗಿ, ಅಷ್ಟು ವರ್ಷ ಮಿಜೆಲಿಯ ಚಹಾ ಕುಡಿದು ಪಾತ್ರೆ ತೊಳೆದ ನೀರೆಂದು ಹೇಳಿದವಳಿಗಾಗಿ?

ಅವನ ತುಟಿ ಅಲುಗುತ್ತಿತ್ತು. ಅವನು ಪ್ರಾರ್ಥಿಸುತ್ತಿದ್ದಾನೆಂದು ಮಿಜೆಲಿಗೆ ಗೊತ್ತು. ಅವಳು ಅವನ ಕಡೆ ನೋಡಲಿಲ್ಲ. ಬಾಗಿಲು ತೆಗೆದು ಇಳಿದು ಹಿಂದಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಕಾಂಕ್ರೀಟಿನ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಮತ್ತೊಂದು. ಮತ್ತೊಂದು.

ಎಜ್ರಾ ಇಳಿದು ಹೋಗಿ ನೋಡಿದ. ಅವಳು ಗೂಡಿನಿಂದ ಒಂದೊಂದನ್ನೇ ತೆಗೆದು ನೆಲದ ಮೇಲೆ ಸಾಲಾಗಿ ಇಡುತ್ತಿದ್ದಳು.

"ಏನ್ ಮಾಡ್ತಿದ್ದೀಯ?"

"ಜಾಗ ಮಾಡ್ತಿದ್ದೀನಿ."

"ಮಿಜೆಲಿ..."

"ಬಾಯಿ ಮುಚ್ಕೊಂಡು ಹಾಸಿಗೆಯ ಆ ತುದಿ ಹಿಡ್ಕೋ. ನನ್ನ ಸೊಂಟಕ್ಕೆ ಒಬ್ಬಳೇ ಎತ್ತೋಕೆ ಆಗೋದಿಲ್ಲ." ಹಾಸಿಗೆಯನ್ನು ಇಬ್ಬರೂ ಇಳಿಸಿದರು. ಅವಳು ಉಸಿರು ಬಿಡುತ್ತ ನಿಂತಳು. "ನನ್ನ ಅಡುಗೆಮನೆಗೆ ಕಾಲಿಡೋದಿಲ್ಲ ಅಂತಿದ್ದಳು ನಿಮ್ಮಕ್ಕ. ನೋಡು, ಕೊನೆಗೆ ಬಂದಳು. ಪೂರ್ತಿ ಮನೇನೇ ಕಿತ್ಕೊಂಡಳು."

"ಇದು ನಿನ್ನ ಮನೆ. ನಾನು ಕೇಳಲಿಲ್ಲ."

"ಕೇಳಿದ್ರೆ ಕೊಡ್ತಿರಲಿಲ್ಲ. ಕೇಳಲಿಲ್ಲ ಅದಕ್ಕೆ ಕೊಟ್ಟೆ." ಅವಳು ನೀಲಿ ಪರದೆಗಳನ್ನು ಕೋಲಿನಿಂದ ಕಳಚಿ ಮಡಿಸತೊಡಗಿದಳು. ಮಡಿಸುವಾಗ ಅವಳ ಕೈ ಒಂದು ಗಳಿಗೆ ನಿಂತಿತು. "ಅಳಬೇಡ. ನೀನು ಅತ್ತರೆ ನನಗೆ ಸಿಟ್ಟು ಬರುತ್ತೆ. ಆಮೇಲೆ ಎಲ್ಲಾನೂ ಮತ್ತೆ ಒಳಗಿಡ್ತೀನಿ."

ಅವರ ಸ್ವಂತ ಸಾಮಾನು ಬದುಕಿದ್ದವರ ಸಾಮಾನು. ಅದು ವೆಸ್ಟರನ ಲಾರಿಗೆ ಹೋಗಲು ಅಡ್ಡಿಯಿರಲಿಲ್ಲ. ನೀರಿನ ಟ್ಯಾಂಕನ್ನು ಬರಿದು ಮಾಡಿದರು. ಡಿಲೇಯಾ ಬಂದು ಅಮ್ಮನ ಬಾಣಲೆಗಳನ್ನೂ ಹೊಲಿಗೆ ಯಂತ್ರವನ್ನೂ ಒಡೆದ ಪಿಂಗಾಣಿಯ ಪೆಟ್ಟಿಗೆಗಳನ್ನೂ ಕ್ಯಾರವಾನಿನಿಂದ ವ್ಯಾನಿಗೆ ತಂದಳು. ನೆಲಕ್ಕೆ ತಾಗಿಸಲಿಲ್ಲ, ಮಾವನನ್ನು ಬಿಟ್ಟು ಬೇರೆ ಯಾರ ಕೈಗೂ ಕೊಡಲಿಲ್ಲ. ಎಜ್ರಾ ಅವನ್ನೆಲ್ಲ ಕೆಳಗೆ, ಮುಂದಕ್ಕೆ ಒತ್ತಿಟ್ಟು ಪಟ್ಟಿ ಬಿಗಿದ. ಮಿಜೆಲಿ ಬಿಳಿ ಬಣ್ಣ ಬಳಿದ ಗೂಡಿನಲ್ಲಿ ಹಿತ್ತಾಳೆಯ ದೀಪಗಳನ್ನು ಡಿಲೇಯಾ ಸಾಲಾಗಿ ನಿಲ್ಲಿಸಿದಾಗ ಅವನು ಆ ಕಡೆ ನೋಡಲಿಲ್ಲ.

ಕೆಲಸ ಮುಗಿದ ಮೇಲೆ ಡಿಲೇಯಾ ಮಿಜೆಲಿಯ ಮುಂದೆ ಬಂದು ನಿಂತಳು. "ಅತ್ತೆ, ನಮ್ಮಮ್ಮ ನಿನಗೆ ಒಳ್ಳೆ ಮಾತು ಆಡಲಿಲ್ಲ."

"ನನಗೆ ಆಡಲಿಲ್ಲ. ನನ್ನ ಗಂಡನಿಗೆ ತಾಯಿ ಇಲ್ಲದಾಗ ಅನ್ನ ಹಾಕಿದ್ದಳು. ಅದನ್ನ ಇವನು ಒಂದು ದಿನವೂ ನನಗೆ ಮರೆಯೋಕೆ ಬಿಟ್ಟಿಲ್ಲ," ಎಂದಳು ಮಿಜೆಲಿ. "ಹತ್ತು, ಹೊತ್ತಾಯ್ತು."

ಮತ್ತೆ ತೂಗಿದರು. ಕ್ಯಾರವಾನು ಸರಿ, ವ್ಯಾನು ಸರಿ, ಎರಡೂ ಸೇರಿ ಸರಿ. ಮೂತಿಯ ಭಾರವನ್ನೂ ಎಜ್ರಾ ಮತ್ತೆ ನೋಡಿದ. ಅಂಗಳದವನು ತೂಕದ ಚೀಟಿ ಕೊಟ್ಟು, ಗಾಜಿನ ಕೋಣೆಯಿಂದ ಹೊರಬಂದು, ಅವರು ಗೇಟು ದಾಟುವವರೆಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಸಟನ್ ಸೇತುವೆ ದಾಟಿದ ಮೇಲೆ ಪೊಲೀಸರ ಗಾಡಿ ಹಿಂದೆ ಬಂದು ದೀಪ ಹಾಕಿತು. ಎಜ್ರಾ ಪಕ್ಕಕ್ಕೆ ನಿಲ್ಲಿಸಿದ. ಇಳಿದು ಬಂದವಳು ಒಬ್ಬಳು ಹೆಂಗಸು, ಮುಖದಲ್ಲಿ ಅವಳದೇ ಒಂದು ದಣಿವು. ಲೈಸೆನ್ಸು ನೋಡಿದಳು, ಎಪ್ಪತ್ತರ ಮೇಲೆ ಹೊಸದು ಮಾಡಿಸಿಕೊಂಡದ್ದೇ. ಟೈರಿನ ಪಕ್ಕ ಬಗ್ಗಿದಳು, ದೀಪ ಹಾಕಿಸಿ ನೋಡಿದಳು, ಉಕ್ಕಿನ ತಂತಿಯನ್ನು ಬೆರಳಲ್ಲಿ ಎತ್ತಿದಳು, ಕನ್ನಡಿಗಳ ಅಗಲ ಕಣ್ಣಳತೆ ಮಾಡಿದಳು.

"ಭಾರ ಇದೆ ಅನ್ನಿಸುತ್ತೆ," ಎಂದಳು.

ಎಜ್ರಾ ಚೀಟಿ ಕೊಟ್ಟ. ಅವಳು ಅದನ್ನು ಓದಿ, ಕ್ಯಾರವಾನಿನ ತಗಡಿನ ಬಳಿ ಹೋಗಿ ಹೋಲಿಸಿ ಬಂದಳು.

"ಒಳಗೇನಿದೆ?"

"ನಮ್ಮಕ್ಕನ ಸಾಮಾನು."

ಅವಳು ಅವನ ಕಪ್ಪು ಕೋಟನ್ನು ನೋಡಿದಳು, ಮಿಜೆಲಿಯ ಮಡಿಲಲ್ಲಿ ಮಡಿಸಿದ್ದ ನೀಲಿ ಬಟ್ಟೆಯನ್ನು ನೋಡಿದಳು. ಕೈ ಬಾಗಿಲ ಹಿಡಿಯ ಹತ್ತಿರ ಹೋಗಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಎಲ್ಲ ಸರಿಯಾಗಿದೆ. ನಿಧಾನವಾಗಿ ಹೋಗಿ," ಎಂದಳು.

ಅವಳ ಗಾಡಿ ಕಣ್ಮರೆಯಾದ ಮೇಲೂ ಎಜ್ರಾ ಸ್ವಲ್ಪ ಹೊತ್ತು ಹೊರಡಲಿಲ್ಲ. "ಯಾರೂ ಮುಟ್ಟಲಿಲ್ಲ," ಎಂದ.

"ಇಲ್ಲ," ಎಂದಳು ಮಿಜೆಲಿ. "ಗೇರು ಹಾಕು."

ವೆಸ್ಟರನ ಹೊಲ ತಲುಪಿದಾಗ ಮಧ್ಯಾಹ್ನದ ಬಿಸಿಲು ಸೊರಗಿತ್ತು. ಬೆಂಕಿ ಹಾಕುತ್ತೇವೆಂದು ವೆಸ್ಟರ್ ಅಗ್ನಿಶಾಮಕದವರಿಗೆ ಮೊದಲೇ ಹೇಳಿದ್ದ. ಗ್ಯಾಸು ಮೊದಲೇ ತೆಗೆದಾಗಿತ್ತು; ಟೈರುಗಳನ್ನೂ ಬ್ಯಾಟರಿಯನ್ನೂ ಬಿಚ್ಚಿದರು. ಡಿಲೇಯಾ ವ್ಯಾನಿನಿಂದ ಅಮ್ಮನ ಸಾಮಾನನ್ನೆಲ್ಲ ತಿರುಗಿ ಕ್ಯಾರವಾನಿಗೆ ಹೊತ್ತಳು. ಕೊನೆಯ ಪೆಟ್ಟಿಗೆಯೊಂದಿಗೆ ಎಜ್ರಾ ತಾನೂ ಒಳಗೆ ಹೋಗಿ ಒಮ್ಮೆ ಕಣ್ಣಾಡಿಸಿ ಬಂದ. ಯಾವುದೂ ಉಳಿದಿರಲಿಲ್ಲ.

ವ್ಯಾನಿನ ಬೀಗದಕೈಯನ್ನು ವೆಸ್ಟರನ ಅಂಗೈಯಲ್ಲಿಟ್ಟ. "ಪುಡಿ ಮಾಡಿಸಿಬಿಡು. ನಮ್ಮವರು ಯಾರೂ ಇದರಲ್ಲಿ ಕೂರಬಾರದು."

ವೆಸ್ಟರನ ಬಾಯಿಗೆ ಆಗ ತಮಾಷೆ ಬರಲಿಲ್ಲ. "ಆಗಲಿ ಅಣ್ಣ. ನೀವಿಬ್ಬರೂ ಇಲ್ಲೇ ಇರಿ. ಹಿಂದುಗಡೆ ನನ್ನದೊಂದು ಸಣ್ಣ ಕ್ಯಾರವಾನು ಇದೆಯಲ್ಲ."

"ಅದರಲ್ಲಿ ಕೋಳಿ ಇದ್ದವಲ್ಲೋ?" ಎಂದಳು ಮಿಜೆಲಿ.

"ಕೋಳಿಗೆ ನೋಟೀಸು ಕೊಡ್ತೀನಿ ಅತ್ತಿಗೆ."

"ಕೊಡು. ಆಮೇಲೆ ನೀನೇ ತೊಳೆದು ಕೊಡು. ನನ್ನ ಪರದೆ ಅಲ್ಲಿ ಹೊಂದುತ್ತೋ ಇಲ್ಲವೋ ನೋಡಬೇಕು."

ಬೆಂಕಿ ಹಚ್ಚಿದವನು ಎಜ್ರಾ. ಮೊದಲು ಕಿಟಕಿಯೊಳಗೆ ಕೆಂಪು ಸುಳಿಯಿತು, ಆಮೇಲೆ ಗಾಜು ಒಡೆಯಿತು, ಆಮೇಲೆ ಬಂಡಿಯ ಮೈಯೆಲ್ಲ ಹತ್ತಿಕೊಂಡಿತು. ಗಾಳಿ ಹೊಗೆಯನ್ನು ಸಮುದ್ರದ ಕಡೆಗೆ ಒಯ್ದಿತು. ಡಿಲೇಯಾ ನೆಲಕ್ಕೆ ಕುಸಿದು ಅತ್ತಳು. ಮಿಜೆಲಿ ಬಂದು ಗಂಡನ ಪಕ್ಕ ನಿಂತಳು; ಅವನ ತೋಳಿಗೆ ಒರಗಿದಳೋ ಅವನನ್ನೇ ಒರಗಿಸಿಕೊಂಡಳೋ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಮನೆ ಇಲ್ಲದ ಇಬ್ಬರು ಮುದುಕರು ಉರಿಯುವ ಮನೆಯ ಮುಂದೆ ನಿಂತಿದ್ದರು. ಎಜ್ರಾನಿಗೆ ಆಶ್ಚರ್ಯವಾಗುವ ಹಾಗೆ ಎದೆಯ ಭಾರ ಸ್ವಲ್ಪ ಇಳಿದಿತ್ತು. ದಣಿವು ಮಾತ್ರ ಹಾಗೇ ಇತ್ತು. ಅವನು ಟೋಪಿ ತೆಗೆದು, ತಲೆ ಬಗ್ಗಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಕರ್ತನೇ, ನಮ್ಮ ಅಕ್ಕ ನಿನ್ನ ಬಳಿಗೆ ಬರುತ್ತಿದ್ದಾಳೆ. ಬಾಳೆಲ್ಲ ದಾರಿಯಲ್ಲೇ ಕಳೆದವಳು. ಅವಳಿಗೆ ಇನ್ನು ನಡೆಯುವ ದಾರಿ ಇಡಬೇಡ. ಅವಳ ಬಿರುಸು ಮಾತನ್ನು ಮನ್ನಿಸು, ತಾಯಿಯಿಲ್ಲದವರಿಗೆ ಅವಳು ಹಾಕಿದ ಅನ್ನವನ್ನು ಎಣಿಸಿಕೋ. ಅವಳ ಮನಸ್ಸು ಇತ್ತ ತಿರುಗದಿರಲಿ. ನಮ್ಮ ಅಳು ಅವಳನ್ನು ತಡೆಯದಿರಲಿ. ನಿನ್ನ ಬೆಳಕು ಅವಳ ಮೇಲೆ ಸದಾ ಇರಲಿ. ಅವಳಿಗೆ ಶಾಂತಿ ಕೊಡು ತಂದೆಯೇ, ಶಾಂತಿ ಕೊಡು. ಆಮೆನ್."